ಜೆನೆಸಿಸ್ ತಂಡದ ಮೊದಲ ಆಲ್ಬಮ್: ಒಂದು ಕಥೆಯೋ, ಬಿಡಿ ಹಾಡುಗಳೋ?

ಸಾಲಗಾಮೆ ರಸ್ತೆ (ಹಾಸನ):
ಕಳೆದ ಭಾನುವಾರ ನಮ್ಮ ಮನೆಯ ಮಹಡಿಯಲ್ಲಿ ನಾಲ್ವರು ಕುಳಿತು ಇಂಗ್ಲೆಂಡಿನ ಜೆನೆಸಿಸ್ ಎಂಬ ರಾಕ್ ತಂಡದ ಮೊದಲ ಆಲ್ಬಮ್ ‘ಫ್ರಮ್ ಜೆನೆಸಿಸ್ ಟು ರೆವೆಲೇಶನ್’ ಅನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆವು. 1969ರ ಮಾರ್ಚ್‌ನಲ್ಲಿ ಡೆಕ್ಕಾ ಕಂಪನಿ ಹೊರತಂದದ್ದು. ಬೈಬಲ್ಲಿನ ಮೊದಲ ಮತ್ತು ಕಡೆಯ ಪುಸ್ತಕಗಳ ಹೆಸರೇ ಇದರ ಹೆಸರು. ಕೇಳಿ ಮುಗಿಸಿದ ಮೇಲೆ ಎದ್ದ ವಾದ ಬೀದಿದೀಪ ಹೊತ್ತಿದರೂ ಮುಗಿಯಲಿಲ್ಲ, ಅದಕ್ಕೇ ಈ ಚರ್ಚಾಗುಂಪಿಗೆ ತಂದಿದ್ದೇನೆ. ಇದು ನಿಜವಾದ ಕಾನ್ಸೆಪ್ಟ್ ಆಲ್ಬಮ್, ಅಂದರೆ ಎಲ್ಲ ಹಾಡುಗಳೂ ಒಂದೇ ಕಥೆಯ ಅಥವಾ ವಸ್ತುವಿನ ಎಳೆಯಲ್ಲಿ ಸಾಗುವ ಆಲ್ಬಮ್, ಎಂಬುದು ನನ್ನ ನಿಲುವು. ಹದಿನಾರರಿಂದ ಹದಿನೆಂಟರ ಹುಡುಗರು ಸೃಷ್ಟಿಯಿಂದ ಅಂತ್ಯದವರೆಗೆ ಹಾಡಲು ಹೊರಟರಲ್ಲ, ಆ ಎದೆಗಾರಿಕೆಯೇ ಮುಂದಿನ ಜೆನೆಸಿಸ್‌ನ ಬೀಜ.

ಕಾಫಿ ಹೂ (ಚಿಕ್ಕಮಗಳೂರು):
ನಾನು ಒಪ್ಪುವುದಿಲ್ಲ. ಬೈಬಲ್ಲಿನ ವಸ್ತುವನ್ನು ಸೂಚಿಸಿದ್ದೇ ನಿರ್ಮಾಪಕ ಜೊನಾಥನ್ ಕಿಂಗ್. ಹದಿಮೂರು ಹಾಡುಗಳಲ್ಲಿ ಹನ್ನೆರಡನೆಯದಾದ ‘ದಿ ಸೈಲೆಂಟ್ ಸನ್’ 1968ರ ಫೆಬ್ರುವರಿಯಲ್ಲೇ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ, ಬಂದಿತ್ತು. ಕಿಂಗ್‌ಗೆ ಬೀ ಜೀಸ್ ತಂಡ ಇಷ್ಟವೆಂದು ಆ ಧಾಟಿಯಲ್ಲಿ ಬರೆದ ಪ್ರೇಮಗೀತೆ ಅದು. ಸೃಷ್ಟಿಯ ಕಥೆಯಲ್ಲಿ ಅದಕ್ಕೇನು ಕೆಲಸ? ನಾಲ್ಕನೆಯ ಹಾಡಿನಲ್ಲಿ ಸರ್ಪ ಬಂದುಹೋದ ಮೇಲೆ ಬೈಬಲ್ಲಿನ ಎಳೆ ಕೈಗೆ ಸಿಗುವುದೇ ಕಷ್ಟ. ಬೇರೆಯವರು ಕೊಟ್ಟ ದಾರದಲ್ಲಿ ಇದ್ದ ಮಣಿಗಳನ್ನು ಪೋಣಿಸಿದ್ದಾರೆ, ಅಷ್ಟೇ.

ಅರಕಲಗೂಡು ಮೇಷ್ಟರು:
ದಾರವನ್ನು ಯಾರು ಕೊಟ್ಟರೆ ಏನಮ್ಮಾ? ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ರಾಮಾಯಣವಿದೆ, ಭಾರತವಿದೆ, ಭಾಗವತವಿದೆ, ನಡುವೆ ನರ್ತಕಿಯರೂ ಇದ್ದಾರೆ. ಪುಸ್ತಕದ ಹಾಳೆ ತಿರುವಿದಂತೆ ಒಂದಾದ ಮೇಲೊಂದು ಬರುವುದಿಲ್ಲ. ಹಾಗೆಂದು ಆ ಗೋಡೆಯನ್ನು ಬಿಡಿ ಕಲ್ಲುಗಳ ರಾಶಿ ಎನ್ನುತ್ತೇವೆಯೇ?

ಕಾಫಿ ಹೂ:
ಮೇಷ್ಟರೇ, ಆ ಗೋಡೆಯ ಬುಡದಲ್ಲಿ ಆನೆಗಳ ಸಾಲು ಇದೆ. ಮೇಲೆ ಯಾವ ಪ್ರಸಂಗ ಬಂದರೂ ಕೆಳಗೆ ಆನೆಗಳು ನಡೆಯುತ್ತಲೇ ಇರುತ್ತವೆ, ನೋಡುವವರ ಹೆಜ್ಜೆಯನ್ನೂ ಮುಂದಕ್ಕೆ ಒಯ್ಯುತ್ತವೆ. ಈ ಆಲ್ಬಮ್‌ನಲ್ಲಿ ಆನೆಗಳ ಸಾಲು ಎಲ್ಲಿದೆ, ತೋರಿಸಿ.

ಸಾಲಗಾಮೆ ರಸ್ತೆ:
ಒಳ್ಳೆಯ ಪ್ರಶ್ನೆ. ಹಾಡು ಹಾಡಿನ ನಡುವೆ ಬರುವ ಪುಟ್ಟ ವಾದ್ಯತುಣುಕುಗಳೇ ಆ ಸಾಲು. ಒಂದು ಹಾಡು ಆರುವ ಮೊದಲೇ ಅವು ಮುಂದಿನದಕ್ಕೆ ಕೈಹಿಡಿದು ಕರೆದೊಯ್ಯುತ್ತವೆ. ಅವುಗಳನ್ನು ನಾವು ಗಮನಿಸದಿರಲು ಕಾರಣ ಆಮೇಲೆ ಸೇರಿಸಿದ, ಪಿಟೀಲಿನಂಥ ತಂತಿವಾದ್ಯಗಳು. 1968ರ ಆಗಸ್ಟ್‌ನಲ್ಲಿ, ಶಾಲೆಯ ರಜೆಯಲ್ಲಿ, ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೊದಲ್ಲಿ ಹುಡುಗರು ನುಡಿಸಿದ್ದರು. ಅದರ ಮೇಲೆ ಆರ್ಥರ್ ಗ್ರೀನ್‌ಸ್ಲೇಡ್ ಸಂಯೋಜಿಸಿದ ವಾದ್ಯವೃಂದವನ್ನು ಹೊದಿಸಿದರು. ಗಿಟಾರ್ ನುಡಿಸಿದ ಆಂಟನಿ ಫಿಲಿಪ್ಸ್ ಅದನ್ನು ಕೇಳಿ ಸಿಟ್ಟಾಗಿದ್ದು ಸಹಜವೇ. ಕೆತ್ತನೆಯ ಮೇಲೆ ಸುಣ್ಣ ಬಳಿದರೆ ಶಿಲ್ಪಿಗೆ ಸಂಕಟವಾಗದೇ?

ರೇಡಿಯೊ ರಿಪೇರಿ (ಬೇಲೂರು):
ಸುಣ್ಣ ಕೆರೆಯುವ ದಾರಿ ಇದೆ. ಸ್ಟೀರಿಯೊ ಆವೃತ್ತಿಯಲ್ಲಿ ತಂಡದ ವಾದನ ಒಂದು ಬದಿಗೆ, ತಂತಿವಾದ್ಯಗಳು ಇನ್ನೊಂದು ಬದಿಗೆ ಇವೆ. ಆಂಪ್ಲಿಫೈಯರ್‌ನ ಬ್ಯಾಲೆನ್ಸ್ ಗುಂಡಿಯನ್ನು ತಂಡದ ಬದಿಗೆ ಪೂರ್ತಿ ತಿರುಗಿಸಿ ಕೇಳಿ. ಟೋನಿ ಬ್ಯಾಂಕ್ಸ್ ಅವರ ಪಿಯಾನೊ ಇಷ್ಟು ನುಡಿಸಿತ್ತೇ ಎಂದು ನಾನು ಬೆರಗಾಗಿದ್ದೆ.

ಇನ್ನೊಂದು ಮಾತು. ಮೊದಲಿಗೆ ಇದು ಮಾರಾಟವಾದದ್ದು 650ರ ಆಸುಪಾಸು ಪ್ರತಿ ಮಾತ್ರ. ಕಪ್ಪು ಹೊದಿಕೆಯ ಮೇಲೆ ಚಿನ್ನದ ಬಣ್ಣದ ಅಕ್ಷರ ನೋಡಿ ಅಂಗಡಿಯವರು ಧಾರ್ಮಿಕ ರೆಕಾರ್ಡುಗಳ ಜೊತೆ ಇಟ್ಟರಂತೆ. ಕೇಳಬೇಕಾದವರ ಕಣ್ಣಿಗೇ ಬೀಳಲಿಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ.

ಗಿರಿಯ ಮಂಜು (ಕೊಪ್ಪ):
ಆದರೂ ಇದನ್ನು ಪ್ರೊಗ್ರೆಸಿವ್ ರಾಕ್, ಅಂದರೆ ಹಾಡಿನ ಮಾಮೂಲಿ ಚೌಕಟ್ಟನ್ನು ಮೀರುವ ರಾಕ್, ಎನ್ನಲು ನನ್ನ ಮನಸ್ಸು ಒಪ್ಪದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ ಜೊತೆ ಇಟ್ಟು ನೋಡಿ. ಅಲ್ಲಿ ಹಾಡಿನ ಚೌಕಟ್ಟೇ ಮುರಿದಿದೆ, ಇಲ್ಲಿ ಮೂರು ನಾಲ್ಕು ನಿಮಿಷದ ಸೌಮ್ಯ ಪಾಪ್ ಹಾಡುಗಳು. ಜೆನೆಸಿಸ್ ಒಂದೇ ಕಥೆಯನ್ನು ಪೂರ್ತಿ ಹೇಳಿದ್ದು 1974ರ ‘ದಿ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’ಯಲ್ಲಿ. ಅಲ್ಲಿ ರೇಲ್ ಎಂಬ ಹುಡುಗ ಎರಡು ರೆಕಾರ್ಡುಗಳ ಉದ್ದಕ್ಕೂ ನಮ್ಮ ಜೊತೆಗಿರುತ್ತಾನೆ. ಯಕ್ಷಗಾನ ನೋಡಿ ಬೆಳೆದ ನನಗೆ ಪ್ರಸಂಗಕ್ಕೆ ಪಾತ್ರ ಬೇಕೇ ಬೇಕು.

ಅರಕಲಗೂಡು ಮೇಷ್ಟರು:
ಪಾತ್ರ ಬೇಕೆಂಬ ಮಾತು ತೂಕದ್ದು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕಾಫಿ ಹೂ:
ನಿನ್ನೆ ರಾತ್ರಿ ಬೇಲೂರಿನವರು ಹೇಳಿದಂತೆ ಗುಂಡಿ ತಿರುಗಿಸಿ ಕೇಳಿದೆ. ವಾದ್ಯತುಣುಕುಗಳು ಕೇಳಿಸಿದವು, ಆನೆಗಳು ಇವೆ, ಒಪ್ಪಿದೆ. ಇನ್ನೊಂದು ಪ್ರಯೋಗವನ್ನೂ ಮಾಡಿದೆ. ‘ದಿ ಸೈಲೆಂಟ್ ಸನ್’ ಅನ್ನು ಬಿಟ್ಟು ಹನ್ನೊಂದರಿಂದ ನೇರವಾಗಿ ಹದಿಮೂರಕ್ಕೆ ಹೋದೆ. ಹನ್ನೊಂದನೆಯದು ‘ಇನ್ ಲಿಂಬೊ’. ಸ್ವರ್ಗವೂ ಅಲ್ಲ, ನರಕವೂ ಅಲ್ಲದ ನಡುವಿನ ಜಾಗ. ಹದಿಮೂರನೆಯದು ‘ಎ ಪ್ಲೇಸ್ ಟು ಕಾಲ್ ಮೈ ಓನ್’, ತನ್ನದೆನ್ನುವ ಒಂದು ನೆಲೆ. ಎರಡು ನಿಮಿಷವೂ ಇಲ್ಲದ ಹಾಡು. ತ್ರಿಶಂಕುವಿನಂತೆ ತೂಗಾಡುತ್ತಿದ್ದ ಜೀವ ಕೊನೆಗೂ ಮನೆ ಸೇರಿತು ಎನಿಸಿ ಕಣ್ಣು ತುಂಬಿತು. ಕಥೆ ಇತ್ತು. ಅದರ ಬಾಗಿಲಲ್ಲಿ ಆ ಸಿಂಗಲ್ ಅನ್ನು ತಂದು ನಿಲ್ಲಿಸಿದವರನ್ನು ಮಾತ್ರ ನಾನು ಕ್ಷಮಿಸುವುದಿಲ್ಲ.