ಕಡಿಮೆ ಬಜೆಟ್ಟಿನಲ್ಲಿ ಟಿವಿ ಕೊಳ್ಳುವವರಿಗೆ: ರಿಪೇರಿ ಮಾಡುವವರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಹಳೇ ಟಿವಿ ಕೈಕೊಟ್ಟಿದೆ, ಹೊಸದು ತರಬೇಕು. ಬಜೆಟ್ ಬಿಗಿ. ಸೋಫಾದಿಂದ ಗೋಡೆಗೆ ಎರಡೂವರೆ ಮೀಟರ್ ದೂರ. ಒಂದೇ ಬೆಲೆಗೆ ಎರಡು ಟಿವಿ ಕಾಣುತ್ತಿವೆ. ಒಂದು, ಹೆಸರು ಗೊತ್ತಿರುವ ಕಂಪನಿಯ 43 ಇಂಚು. ಇನ್ನೊಂದು, ಹೆಸರೇ ಕೇಳದ ಕಂಪನಿಯ 55 ಇಂಚು. ಎರಡೂ 4ಕೆ. ಮನೆಯಲ್ಲಿ ಎಲ್ಲರದೂ 55ಕ್ಕೇ ಓಟು. ರಿಪೇರಿ ಕೆಲಸದವರಾಗಿ ನೀವು ಯಾವುದನ್ನು ತಗೊಳ್ಳಿ ಅಂತೀರಿ?

ಉತ್ತರ: ಅಳತೆಯ ವಿಷಯದಲ್ಲಿ ಮನೆಯವರದೇ ಸರಿ. ಎರಡೂವರೆ ಮೀಟರ್‌ಗೆ 55 ಇಂಚು ಏನೂ ಅತಿಯಲ್ಲ. 43ರ ಪರದೆ ಸುಮಾರು 95 ಸೆಂಟಿಮೀಟರ್ ಅಗಲ, 55ರದು 122. ನೋಡುವಾಗ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಆದರೆ ಅದೇ ಬೆಲೆಗೆ 12 ಇಂಚು ಜಾಸ್ತಿ ಕೊಡುತ್ತಾರೆ ಅಂದರೆ ಎಲ್ಲೋ ಕತ್ತರಿ ಆಡಿಸಿದ್ದಾರೆ ಅಂತಲೇ ಅರ್ಥ. ಎಲ್ಲಿ ಆಡಿಸಿದ್ದಾರೆ ಅನ್ನುವುದನ್ನು ನೋಡಬೇಕು.

ಟಿವಿ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಗಾಜಿನ ಪರದೆ, ಮಾಡುವ ಕಂಪನಿಗಳು ಜಗತ್ತಿನಲ್ಲೇ ಕೆಲವು. ಬಿಒಇ, ಸಿಎಸ್‌ಒಟಿ, ಎಚ್‌ಕೆಸಿ, ಇನ್ನೊಲಕ್ಸ್, ಎಯುಒ ಅಂಥವು. ಸಣ್ಣ ಬ್ರ್ಯಾಂಡು, ದೊಡ್ಡ ಬ್ರ್ಯಾಂಡು ಎಲ್ಲ ಹೆಚ್ಚಾಗಿ ಇವರ ಹತ್ತಿರವೇ ಕೊಳ್ಳುತ್ತವೆ. ಹಾಗಾಗಿ ಹೆಸರು ಕೇಳಿಲ್ಲ ಅಂದ ಮಾತ್ರಕ್ಕೆ ಗಾಜು ಕಳಪೆ ಅಂತ ಹೇಳಲಾಗದು. ಕತ್ತರಿ ಬೀಳುವುದು ಗಾಜಿನ ಹಿಂದೆ.

ಈ ಬೆಲೆಯ ಟಿವಿಗಳ ಪ್ಯಾನೆಲ್ಲಿಗೆ ಸ್ವಂತ ಬೆಳಕಿಲ್ಲ. ಹಿಂದೆ ಸಾಲಾಗಿ ಎಲ್‌ಇಡಿ ಸ್ಟ್ರಿಪ್‌ಗಳಿರುತ್ತವೆ, ಅವೇ ಬ್ಯಾಕ್‌ಲೈಟ್. ಅಗ್ಗ ಮಾಡುವ ಸುಲಭ ದಾರಿ ಅಂದರೆ ಕಡಿಮೆ ಎಲ್‌ಇಡಿ ಹಾಕಿ, ಪ್ರತಿಯೊಂದಕ್ಕೂ ಜಾಸ್ತಿ ಕರೆಂಟ್ ಹರಿಸುವುದು. ಅಂಗಡಿಯಲ್ಲಿ ಬೆಳಕು ಚೆನ್ನಾಗಿಯೇ ಕಾಣುತ್ತದೆ. ಆದರೆ ಎಲ್‌ಇಡಿ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಎಲ್‌ಇಡಿಗಳನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದು ಸುಟ್ಟರೆ ಆ ಸಾಲೇ ಆರಬಹುದು, ಅಥವಾ ಸರ್ಕ್ಯೂಟು ಅದನ್ನು ಗುರುತಿಸಿ ಬೆಳಕನ್ನೇ ಪೂರ್ತಿ ಕಡಿದುಹಾಕಬಹುದು. ‘ಸೌಂಡ್ ಬರುತ್ತೆ, ಚಿತ್ರ ಇಲ್ಲ’ ಅಂತ ನಮ್ಮ ಬೆಂಚಿಗೆ ಬರುವ ಅಗ್ಗದ ಟಿವಿಗಳ ಕತೆ ಹೆಚ್ಚಾಗಿ ಇದೇ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಆ 55ರ ಕಂಪನಿಗೆ ನಿಮ್ಮ ಊರಿನಲ್ಲಿ ಸರ್ವಿಸ್ ಇದೆಯಾ, ಎರಡು ಮೂರು ವರ್ಷ ಆದ ಮೇಲೂ ಸ್ಟ್ರಿಪ್ ಮತ್ತು ಬೋರ್ಡ್ ಸಿಗುತ್ತಾ ಅಂತ ಮೊದಲು ವಿಚಾರಿಸಿ. ‘ಸಿಗುತ್ತೆ ಬಿಡಿ’ ಅನ್ನುವ ತೇಲಿಸಿದ ಮಾತು ಬಂದರೆ ಅದನ್ನು ಬಿಟ್ಟುಬಿಡಿ. ಗೊತ್ತಿರುವ ಕಂಪನಿಯಲ್ಲೇ 50 ಇಂಚು ಸ್ವಲ್ಪ ಜಾಸ್ತಿ ದುಡ್ಡಿಗೆ ಸಿಕ್ಕರೆ ನಾನು ಅದನ್ನೇ ಹೇಳುತ್ತೇನೆ. ಅದೂ ಆಗದಿದ್ದರೆ 43. ಸ್ವಲ್ಪ ಸಣ್ಣದಾಯಿತು ಅನ್ನುವ ಬೇಸರ ಬೇಗ ಹೋಗುತ್ತದೆ. ಬಿಡಿಭಾಗ ಸಿಗದ ಟಿವಿಯ ತಲೆನೋವು ಹೋಗುವುದಿಲ್ಲ.

ಪ್ರಶ್ನೆ: ಕ್ಯೂಎಲ್‌ಇಡಿ ಅಂತ ಬರೆದಿರುವುದು ಎಲ್‌ಇಡಿಗಿಂತ ಎಷ್ಟು ಮೇಲು? ಹೆಸರು ಓಎಲ್‌ಇಡಿ ಥರಾನೇ ಇದೆ.

ಉತ್ತರ: ಹೆಸರಷ್ಟೇ ಹತ್ತಿರ. ಎಲ್‌ಇಡಿ ಟಿವಿ, ಕ್ಯೂಎಲ್‌ಇಡಿ ಟಿವಿ ಎರಡೂ ಎಲ್‌ಸಿಡಿಗಳೇ, ಎರಡಕ್ಕೂ ಹಿಂದಿನಿಂದ ಬೆಳಕು ಬೇಕು. ಕ್ಯೂಎಲ್‌ಇಡಿಯಲ್ಲಿ ನಡುವೆ ಕ್ವಾಂಟಮ್ ಡಾಟ್ ಅನ್ನುವ ಒಂದು ಪದರ ಇರುತ್ತದೆ. ಅದರಿಂದ ಬಣ್ಣ ತುಂಬಿಕೊಂಡು ಕಾಣುತ್ತದೆ. ಕೆಂಪು, ಹಸಿರು ಚೆನ್ನಾಗಿ ಬರುತ್ತವೆ. ಕಪ್ಪು ಮಾತ್ರ ಅದರಿಂದ ಸುಧಾರಿಸುವುದಿಲ್ಲ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಅದು ಈ ಬಜೆಟ್ಟಿನ ಮಾತಲ್ಲ. ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ದರೆ ಕ್ಯೂಎಲ್‌ಇಡಿ ತಗೊಳ್ಳಿ. ಜಾಸ್ತಿ ಇದ್ದರೆ ಆ ದುಡ್ಡು ಅಳತೆಗೋ ವಾರಂಟಿಗೋ ಹೋಗಲಿ.

ಪ್ರಶ್ನೆ: ಮಲಗುವ ಕೋಣೆಗೆ 32 ಇಂಚು. ಎಚ್‌ಡಿ ರೆಡಿ ಸಾಕಾ, ಫುಲ್ ಎಚ್‌ಡಿನೇ ಬೇಕಾ?

ಉತ್ತರ: ದೂರ ಎಷ್ಟು ಅನ್ನುವುದರ ಮೇಲೆ ಹೋಗುತ್ತದೆ. ಎಚ್‌ಡಿ ರೆಡಿ ಅಂದರೆ ಸಾಮಾನ್ಯವಾಗಿ 1366 x 768 ಚುಕ್ಕಿ. 32 ಇಂಚಿನಲ್ಲಿ ಒಂದೊಂದು ಚುಕ್ಕಿ ಅರ್ಧ ಮಿಲಿಮೀಟರ್ ಅಗಲ. ಸಾಧಾರಣ ದೃಷ್ಟಿಗೆ 1.8 ಮೀಟರ್ ದಾಟಿದ ಮೇಲೆ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಹಾಸಿಗೆಯಿಂದ ಅದಕ್ಕಿಂತ ದೂರ ಇದ್ದರೆ ಎಚ್‌ಡಿ ರೆಡಿ ಸಾಕು. ಲ್ಯಾಪ್‌ಟಾಪ್ ಜೋಡಿಸಿ ಅಕ್ಷರ ಓದುತ್ತೀರಾದರೆ ಫುಲ್ ಎಚ್‌ಡಿ (1920 x 1080 ಚುಕ್ಕಿ) ಬೇಕೇ ಬೇಕು.

ಪ್ರಶ್ನೆ: ಹಾಗಾದರೆ ನಾವೆಲ್ಲ 4ಕೆ ಅಂತ ಸುಮ್ನೆ ದುಡ್ಡು ಹಾಕ್ತಿದ್ದೀವಾ?

ಉತ್ತರ: ಪೂರ್ತಿ ಸುಮ್ನೆ ಅಲ್ಲ. ಅದೇ ಲೆಕ್ಕ ಹಾಕಿದರೆ 43 ಇಂಚಿನ ಫುಲ್ ಎಚ್‌ಡಿಯ ಚುಕ್ಕಿಗಳು 1.7 ಮೀಟರ್ ಆಚೆ ಕಾಣುವುದಿಲ್ಲ, 55ರಲ್ಲಿ 2.2 ಮೀಟರ್ ಆಚೆ. ಅಂದರೆ ಎರಡೂವರೆ ಮೀಟರ್ ದೂರದ ಸೋಫಾದಲ್ಲಿ ಕೂತವರಿಗೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಇರುವ 4ಕೆಯ ಚುಕ್ಕಿಗಳಿಂದ ಸಿಗುವ ಲಾಭ ಕಡಿಮೆ. ಆದರೂ ಈ ಅಳತೆಗಳಲ್ಲಿ ಹೊಸ ಮಾಡೆಲ್‌ಗಳು ಹೆಚ್ಚಿನವು 4ಕೆಯೇ. ಹಳೇ ಫುಲ್ ಎಚ್‌ಡಿ ಹುಡುಕಿಕೊಂಡು ಹೋಗಬೇಕಿಲ್ಲ.

ಇಲ್ಲಿ ಜನ ಮರೆಯುವ ಇನ್ನೊಂದು ವಿಷಯ ಇದೆ. ನೀವು ಹೆಚ್ಚು ನೋಡುವುದು ಸೆಟ್‌ಟಾಪ್ ಬಾಕ್ಸಿನ ಮಾಮೂಲಿ ಎಸ್‌ಡಿ ಚಾನೆಲ್‌ಗಳನ್ನಾದರೆ, ದೊಡ್ಡ 4ಕೆ ಪರದೆಯಲ್ಲಿ ಅವು ಮಸುಕಾಗಿಯೇ ಕಾಣುತ್ತವೆ. ಚಿತ್ರದಲ್ಲಿ ಇಲ್ಲದ ಚುಕ್ಕಿಗಳನ್ನು ಟಿವಿ ಊಹಿಸಿ ತುಂಬಬೇಕು. ಅಗ್ಗದ ಚಿಪ್ಪು ಆ ಊಹೆಯನ್ನು ಒರಟಾಗಿ ಮಾಡುತ್ತದೆ. ‘ಹೊಸ ಟಿವಿ, ಆದರೆ ಹಳೇದೇ ಚೆನ್ನಾಗಿತ್ತು’ ಅನ್ನುವ ದೂರು ಬರುವುದು ಇದರಿಂದಲೇ. ಟಿವಿ ಕೆಟ್ಟಿಲ್ಲ, ಚಾನೆಲ್ ಎಚ್‌ಡಿ ಮಾಡಿಸಿಕೊಳ್ಳಿ ಅಂತ ಹೇಳಿ ಕಳಿಸುತ್ತೇನೆ.

ಪ್ರಶ್ನೆ: ಎಚ್‌ಡಿಆರ್, ಡಾಲ್ಬಿ, 120 ಮೋಷನ್... ಡಬ್ಬದ ಮೇಲಿನ ಸ್ಟಿಕ್ಕರ್‌ಗಳಲ್ಲಿ ಯಾವುದನ್ನು ನಂಬುವುದು?

ಉತ್ತರ: ಎಚ್‌ಡಿಆರ್ ಅಂದರೆ ಬೆಳಕು, ಕತ್ತಲಿನ ಅಂತರ ಜಾಸ್ತಿ ಇರುವ ಚಿತ್ರ. ಹಾಗಂತ ಬರೆದಿದ್ದರೆ ಆ ಸಿಗ್ನಲ್ ಬಂದಾಗ ಟಿವಿ ಅದನ್ನು ಓದಬಲ್ಲದು ಅಂತಷ್ಟೇ. ತೋರಿಸಬಲ್ಲದು ಅಂತಲ್ಲ. ಎಚ್‌ಡಿಆರ್ ಸಿನಿಮಾಗಳನ್ನು ಹೆಚ್ಚಾಗಿ 1000 ನಿಟ್ಸ್ (ಪರದೆಯ ಬೆಳಕಿನ ಅಳತೆ) ಅಥವಾ ಅದಕ್ಕೂ ಮೇಲಿನ ಬೆಳಕಿಗೆ ತಯಾರು ಮಾಡುತ್ತಾರೆ. ಕಡಿಮೆ ಬೆಲೆಯ ಟಿವಿಗಳು ಸಾಮಾನ್ಯವಾಗಿ 250ರಿಂದ 300 ನಿಟ್ಸ್ ಹತ್ತಿರ ನಿಲ್ಲುತ್ತವೆ. ಕೆಲವು ಸಲ ಎಚ್‌ಡಿಆರ್ ಹಾಕಿದಾಗ ಚಿತ್ರ ಇನ್ನೂ ಕತ್ತಲಾಗುತ್ತದೆ, ಅಲ್ವಾ? ಕಾರಣ ಇದೇ.

‘ಮೋಷನ್ 120’, ‘ರೇಟ್ 200’ ಇವೆಲ್ಲ ಕಂಪನಿಯವರೇ ಇಟ್ಟುಕೊಂಡ ಅಂಕಿ. ಪ್ಯಾನೆಲ್ಲಿನ ನಿಜವಾದ ವೇಗ, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದು, ಹರ್ಟ್ಸ್‌ನಲ್ಲಿ ಇರುತ್ತದೆ. ಈ ಬೆಲೆಯಲ್ಲಿ ಅದು 60. ಗೇಮ್ ಆಡದವರಿಗೆ 60 ಸಾಕು. ಸುತ್ತಲಿಂದ ಸೌಂಡ್ ಬಂದಂತೆ ಅನಿಸುವ ಡಾಲ್ಬಿ ಅಟ್ಮಾಸ್‌ನ ಸ್ಟಿಕ್ಕರ್ ಇದ್ದರೂ ಶಬ್ದ ಬರುವುದು ಕೆಳಮುಖವಾಗಿ ಕೂತ ಎರಡು ಸಣ್ಣ ಸ್ಪೀಕರ್‌ಗಳಿಂದಲೇ.

ಸ್ಟಿಕ್ಕರ್ ಬಿಟ್ಟು ಹಿಂಬದಿ ನೋಡಿ. ಎಚ್‌ಡಿಎಂಐ ಪೋರ್ಟ್ ಮೂರು ಇರಲಿ. ಅದರಲ್ಲಿ ಒಂದರ ಮೇಲೆ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಅಂತ ಬರೆದಿರಲಿ, ಮುಂದೆ ಸೌಂಡ್‌ಬಾರ್ ಜೋಡಿಸಲು ಬೇಕಾಗುತ್ತದೆ. ರಿಮೋಟ್ ಒಂದರಲ್ಲೇ ವಾಲ್ಯೂಮ್ ನಡೆಯುತ್ತದೆ. ವೈಫೈ 5 ಗಿಗಾಹರ್ಟ್ಸ್ ಹಿಡಿಯುತ್ತದೆಯಾ ಕೇಳಿ. ಬರೀ 2.4 ಇದ್ದರೆ ಅಕ್ಕಪಕ್ಕದ ಮನೆಗಳ ವೈಫೈ ನಡುವೆ ಅದು ಒದ್ದಾಡುತ್ತದೆ.

ಪ್ರಶ್ನೆ: ನಮ್ಮ ಸ್ಮಾರ್ಟ್ ಟಿವಿ ಎರಡೇ ವರ್ಷಕ್ಕೆ ಬಸವನಹುಳು ಆಗಿದೆ. ಆ್ಯಪ್ ತೆರೆಯಲು ಒಂದು ಯುಗ. ಈ ಸಲ ಏನು ನೋಡಬೇಕು?

ಉತ್ತರ: ರ್‍ಯಾಮ್ ನೋಡಿ. 1 ಜಿಬಿ ಇರುವುದು ಬೇಡ. 2 ಜಿಬಿ ರ್‍ಯಾಮ್, 16 ಜಿಬಿ ಸ್ಟೋರೇಜ್ ಇರುವುದು ನೋಡಿ. ಆಮೇಲೆ ಆಪರೇಟಿಂಗ್ ಸಿಸ್ಟಮ್. ಗೂಗಲ್ ಟಿವಿ, ವೆಬ್‌ಓಎಸ್, ಟೈಜೆನ್, ಫೈರ್ ಟಿವಿ ಇವುಗಳಲ್ಲಿ ಯಾವುದಾದರೂ ಆದೀತು. ತೀರಾ ಅಗ್ಗದ ಕೆಲವು ಟಿವಿಗಳಲ್ಲಿ ಗೂಗಲ್‌ನ ಅನುಮತಿ ಪಡೆಯದ ಬರೀ ಆಂಡ್ರಾಯ್ಡ್ ಹಾಕಿ ‘ಆಂಡ್ರಾಯ್ಡ್ ಟಿವಿ’ ಅಂತ ಮಾರುತ್ತಾರೆ. ಅದು ಫೋನಿನ ಆಂಡ್ರಾಯ್ಡನ್ನು ಹಿಗ್ಗಿಸಿದ ಹಾಗೆ. ಪ್ಲೇ ಸ್ಟೋರ್ ಬದಲು ಬೇರೆ ಯಾವುದೋ ಸ್ಟೋರ್ ಇರುತ್ತದೆ. ವೈಡ್‌ವೈನ್ ಅನ್ನುವ ರಕ್ಷಣಾ ವ್ಯವಸ್ಥೆಯಲ್ಲಿ ಎಲ್1 ಮಟ್ಟ ಇಲ್ಲದಿದ್ದರೆ, 4ಕೆ ಚಂದಾ ಕಟ್ಟಿದ್ದರೂ ಹಲವು ಆ್ಯಪ್‌ಗಳು ಎಸ್‌ಡಿ ಚಿತ್ರವನ್ನಷ್ಟೇ ಕೊಡುತ್ತವೆ.

ನಿಮ್ಮ ಈಗಿನ ಟಿವಿ ವಿಷಯ ಬೇರೆ. ಚಿತ್ರ ಚೆನ್ನಾಗಿದ್ದರೆ ಬದಲಾಯಿಸಬೇಡಿ. ಒಂದು ಸ್ಟ್ರೀಮಿಂಗ್ ಸ್ಟಿಕ್ ತಂದು ಎಚ್‌ಡಿಎಂಐಗೆ ಸಿಕ್ಕಿಸಿ. ಹೊಸದು ಕೊಳ್ಳುವವರಿಗೂ ಇದೇ ಮಾತು. ಸ್ಮಾರ್ಟ್ ಭಾಗವನ್ನು ಆಮೇಲೆ ಹೊರಗಿನಿಂದ ಜೋಡಿಸಬಹುದು, ಸೌಂಡನ್ನೂ ಜೋಡಿಸಬಹುದು. ಪ್ಯಾನೆಲ್ಲು, ಬ್ಯಾಕ್‌ಲೈಟು ಮಾತ್ರ ಬಂದಂತೆಯೇ ಬಾಳಬೇಕು. ದುಡ್ಡು ಕಡಿಮೆ ಇದ್ದಾಗ ಅದು ಹೋಗಬೇಕಾದ ಜಾಗವೂ ಅದೇ.

ಪ್ರಶ್ನೆ: ಅಂಗಡಿಯಲ್ಲಿ ಎಲ್ಲ ಟಿವಿಯೂ ಚೆನ್ನಾಗೇ ಕಾಣುತ್ತೆ. ಪ್ಯಾನೆಲ್ ಹೇಗಿದೆ ಅಂತ ನಾವು ಹೇಗೆ ತಿಳಿಯುವುದು?

ಉತ್ತರ: ಅಲ್ಲಿ ಟಿವಿಗಳನ್ನು ಸ್ಟೋರ್ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಬೆಳಕು ಪೂರ್ತಿ, ಬಣ್ಣ ಪೂರ್ತಿ. ಜೊತೆಗೆ ಓಡುವುದು ಹೂವು, ಜಲಪಾತದ ಡೆಮೊ. ಅದರಲ್ಲಿ ಯಾವ ಟಿವಿಯೂ ಕೆಟ್ಟದಾಗಿ ಕಾಣುವುದಿಲ್ಲ. ಹೋಮ್ ಅಥವಾ ಮೂವಿ ಮೋಡ್‌ಗೆ ಹಾಕಲು ಹೇಳಿ.

ಪೆನ್‌ಡ್ರೈವ್ ತಗೊಂಡು ಹೋಗಿ. ಅದರಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಡಿಯೊ ಇರಲಿ, ರಾತ್ರಿಯ ದೃಶ್ಯ ಇರುವಂಥದ್ದು. ಜೊತೆಗೆ ಪೂರ್ತಿ ಬೂದು, ಪೂರ್ತಿ ಬಿಳಿ, ಪೂರ್ತಿ ಕಪ್ಪು ಇರುವ ಮೂರು ಚಿತ್ರ. ಬೂದು ಹಾಕಿದಾಗ ಉದ್ದುದ್ದ ಗೆರೆ, ಕೊಳಕಿನಂಥ ಮಬ್ಬು ಕಾಣುತ್ತದೆಯಾ ನೋಡಿ. ಕ್ರಿಕೆಟ್ ನೋಡುವವರಿಗೆ ಇದು ಮುಖ್ಯ. ಕ್ಯಾಮೆರಾ ಮೈದಾನದ ಮೇಲೆ ಸರಿಯುವಾಗ ಆ ಮಬ್ಬು ಎದ್ದು ಕಾಣುತ್ತದೆ. ಬಿಳಿಯಲ್ಲಿ ಸತ್ತ ಪಿಕ್ಸೆಲ್ ಹುಡುಕಿ. ಕಪ್ಪಿನಲ್ಲಿ ಮೂಲೆಗಳಿಂದ ಬೆಳಕು ಸೋರುತ್ತದೆಯಾ ನೋಡಿ.

ಆಮೇಲೆ ಪಕ್ಕಕ್ಕೆ ಹೋಗಿ ನಿಲ್ಲಿ. ಬಣ್ಣ ಬಿಳಿಚಿಕೊಂಡರೆ ಅದು ಬಹುಶಃ ವಿಎ ಪ್ಯಾನೆಲ್. ಅಷ್ಟಾಗಿ ಬದಲಾಗದಿದ್ದರೆ ಐಪಿಎಸ್. ಐಪಿಎಸ್‌ನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ) ಸುಮಾರು 1000ಕ್ಕೆ 1, ವಿಎಯದು 3000ಕ್ಕೆ 1 ಅಥವಾ ಇನ್ನೂ ಮೇಲೆ. ಹಾಗಾಗಿ ಲೈಟ್ ಆರಿಸಿ, ಎದುರಿಗೆ ಕೂತು ಸಿನಿಮಾ ನೋಡುವ ಮನೆಗೆ ವಿಎ ಚೆನ್ನ. ಅಡುಗೆಮನೆಯಿಂದ ಒಬ್ಬರು, ನೆಲದ ಮೇಲಿಂದ ಒಬ್ಬರು, ಬಾಗಿಲ ಹತ್ತಿರದಿಂದ ಒಬ್ಬರು ನೋಡುವ ಮನೆಗೆ ಐಪಿಎಸ್. ನನ್ನನ್ನು ಕೇಳಿದರೆ ಹೆಚ್ಚಿನ ಮನೆಗಳು ಎರಡನೇ ಥರದವೇ, ಆದರೆ ಎಲ್ಲರೂ ಮೊದಲನೇ ಥರ ಅಂದುಕೊಂಡು ಕೊಳ್ಳುತ್ತಾರೆ. ಒಂದೇ ಮಾಡೆಲ್ಲಿನಲ್ಲೂ 43ಕ್ಕೆ ಒಂದು ಥರದ ಪ್ಯಾನೆಲ್, 50ಕ್ಕೆ ಇನ್ನೊಂದು ಇರಬಹುದು. ಹಾಗಾಗಿ ನೀವು ಕೊಳ್ಳುವ ಅಳತೆಯನ್ನೇ ನೋಡಿ.

ಪ್ರಶ್ನೆ: ಸ್ಟೆಬಿಲೈಸರ್ ಬೇಕಾ?

ಉತ್ತರ: ಹೆಚ್ಚಿನ ಕಡೆ ಬೇಡ. ಈಗಿನ ಟಿವಿಗಳ ಪವರ್ ಸಪ್ಲೈ ಅಗಲವಾದ ವೋಲ್ಟೇಜ್ ತಡೆಯುತ್ತದೆ. 100ರಿಂದ 240 ವೋಲ್ಟ್ ಅಂತ ಹಿಂಬದಿಯ ಚೀಟಿಯಲ್ಲಿ ಬರೆದಿದ್ದರೆ ಸ್ಟೆಬಿಲೈಸರ್ ದುಡ್ಡು ಉಳಿಸಿ. ವೋಲ್ಟೇಜ್ ಆಗಾಗ 240 ದಾಟಿ ತುಂಬ ಮೇಲೆ ಹೋಗುವ ಕಡೆ ಮಾತ್ರ ಬೇಕು. ವೋಲ್ಟೇಜ್ ಹಠಾತ್ತನೆ ಜಿಗಿದಾಗ ಕಾಪಾಡುವ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿ. ಗುಡುಗು ಸಿಡಿಲು ಇದ್ದಾಗ ಪ್ಲಗ್ ಮಾತ್ರ ಕಿತ್ತರೆ ಸಾಲದು. ಡಿಶ್‌ನ ಕೇಬಲ್, ಲ್ಯಾನ್ ಕೇಬಲ್ ಕೂಡ ಬಿಚ್ಚಿ. ಸಿಡಿಲಿನ ಹೊಡೆತ ಡಿಶ್ ವೈರಿನಿಂದ ಬಾಕ್ಸಿಗೆ, ಬಾಕ್ಸಿನಿಂದ ಎಚ್‌ಡಿಎಂಐ ಮೂಲಕ ಟಿವಿಯ ಮೇನ್ ಬೋರ್ಡಿಗೆ ಬರಬಹುದು. ಪ್ಲಗ್ ಕಿತ್ತಿದ್ದರೂ ಬೋರ್ಡ್ ಹೋಗುವುದು ಹೀಗೆ.

ಪ್ರಶ್ನೆ: ನೀವು ಮೇಲೆ ಹೇಳಿದ ಹಾಗೇ ನಮ್ಮದೂ ಆಗಿದೆ. ಸೌಂಡ್ ಇದೆ, ಚಿತ್ರ ಇಲ್ಲ. ಎಸೆದು ಹೊಸದು ತಗೊಳ್ಳಲಾ?

ಉತ್ತರ: ತಡೆಯಿರಿ. ಕೋಣೆ ಕತ್ತಲು ಮಾಡಿ, ಟಿವಿ ಆನ್ ಮಾಡಿ, ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಓಡುವುದು ಕಂಡರೆ ಪ್ಯಾನೆಲ್ ಜೀವಂತ ಇದೆ, ಬ್ಯಾಕ್‌ಲೈಟ್ ಹೋಗಿದೆ. ಅದು ರಿಪೇರಿಗೆ ಯೋಗ್ಯ. ಸ್ಟ್ರಿಪ್‌ಗಳನ್ನು ಪೂರ್ತಿ ಸೆಟ್ ಬದಲಾಯಿಸಿ ಅಂತ ಹೇಳಿ. ಸುಟ್ಟ ಒಂದನ್ನಷ್ಟೇ ಬದಲಾಯಿಸಿದರೆ ಉಳಿದ ಹಳೆಯವು ಒಂದೊಂದಾಗಿ ಹೋಗಬಹುದು. ಮತ್ತೆ ಬಿಚ್ಚಬೇಕು, ಮತ್ತೆ ಕೂಲಿ. ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಪವರ್ ಬೋರ್ಡಿನ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು. ಪ್ಯಾನೆಲ್ ಎತ್ತುವಾಗ ಒಂದು ಚೂರು ಬಾಗಿದರೆ ಅದೂ ಹೋಯಿತು.

ಗಾಜು ಒಡೆದಿದ್ದರೆ ಮಾತ್ರ ಹೊಸದೇ ತಗೊಳ್ಳಿ. ಪ್ಯಾನೆಲ್ಲಿನ ಬೆಲೆ ಟಿವಿಯ ಬೆಲೆಯ ಹತ್ತಿರ ಹೋಗುತ್ತದೆ. ಒಡೆದದ್ದಕ್ಕೆ ಸಾಮಾನ್ಯವಾಗಿ ವಾರಂಟಿಯೂ ಬರುವುದಿಲ್ಲ.

ಪ್ರಶ್ನೆ: (ಮೊದಲು ಕೇಳಿದವನೇ) ಆ 55ರ ಬಗ್ಗೆ ವಿಚಾರಿಸಿದೆ. ಸರ್ವಿಸ್ ಬಗ್ಗೆ ನೀವು ಹೇಳಿದ ‘ಸಿಗುತ್ತೆ ಬಿಡಿ’ ಉತ್ತರವೇ ಬಂತು! ಗೊತ್ತಿರುವ ಕಂಪನಿಯ 50 ತಗೊಳ್ಳುತ್ತಿದ್ದೇನೆ, ಆನ್‌ಲೈನ್‌ನಲ್ಲಿ. ಬಂದ ಮೇಲೆ ಏನು ಮಾಡಬೇಕು?

ಉತ್ತರ: ಡಬ್ಬ ಬಿಚ್ಚುವುದನ್ನು ಮೊದಲಿಂದ ಕೊನೆವರೆಗೂ ವಿಡಿಯೊ ಮಾಡಿ. ಎತ್ತುವಾಗ ಇಬ್ಬರಿರಲಿ. ಅಂಚು ಹಿಡಿಯಿರಿ, ಗಾಜಿಗೆ ಬೆರಳು ಒತ್ತಬೇಡಿ, ಮಂಚದ ಮೇಲೆ ಮಕಾಡೆ ಹಾಕಬೇಡಿ. ಆ ಬೂದು, ಬಿಳಿ, ಕಪ್ಪು ಚಿತ್ರಗಳನ್ನು ಮೊದಲ ದಿನವೇ ಹಾಕಿ ನೋಡಿ. ವಾಪಸ್ ಮಾಡುವ ಗಡುವು ಮುಗಿದ ಮೇಲೆ ಗೆರೆ ಕಂಡರೆ ‘ಇದು ಮಾಮೂಲಿ’ ಅಂತಾರೆ.

ಸ್ಟ್ಯಾಂಡ್ ಮೇಲೆ ಇಡುವುದಾದರೆ ಮೇಜು ಈಗಲೇ ಅಳೆಯಿರಿ. ಕಾಲುಗಳು ನಡುವೆ ಇರುವುದಿಲ್ಲ, ಎರಡು ತುದಿಗೆ ಇರುತ್ತವೆ. ಗೋಡೆಗೆ ಹಾಕುವುದಾದರೆ ಹಿಂಬದಿಯ ನಾಲ್ಕು ತೂತುಗಳ ಅಂತರ ನೋಡಿ, 200 x 200 ಅಥವಾ ಹಾಗೇ ಏನೋ ಬರೆದಿರುತ್ತದೆ. ಬ್ರ್ಯಾಕೆಟ್ ಅದಕ್ಕೆ ಹೊಂದಬೇಕು. ಉದ್ದದ ಸ್ಕ್ರೂ ಹಾಕಿದರೆ ಅದು ಒಳಗಿನ ಭಾಗಕ್ಕೆ ಚುಚ್ಚುತ್ತದೆ. ಎತ್ತರ ಜಾಸ್ತಿ ಬೇಡ, ಕೂತಾಗ ಕಣ್ಣು ಪರದೆಯ ನಡುಭಾಗಕ್ಕೆ ನೇರ ಇರಲಿ.

ಸೆಟ್ಟಿಂಗ್‌ನಲ್ಲಿ ವಿವಿಡ್ ಮೋಡ್ ತೆಗೆದು ಮೂವಿ ಹಾಕಿ. ಮೊದಲ ಎರಡು ದಿನ ಹಳದಿ ಅನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ. ಶಾರ್ಪ್‌ನೆಸ್ ಕೆಳಗೆ ಇಳಿಸಿ. ಬ್ಯಾಕ್‌ಲೈಟ್ 100ರಲ್ಲಿ ಇರುತ್ತದೆ, ಅದನ್ನು 60, 70ಕ್ಕೆ ತನ್ನಿ. ಕೆಲವು ಟಿವಿಗಳಲ್ಲಿ ಬ್ರೈಟ್‌ನೆಸ್ ಅಂತಲೇ ಇರುವುದು ಬೇರೆ, ಅದು ಕಪ್ಪಿನ ಮಟ್ಟ, ಅದನ್ನು ಮುಟ್ಟಬೇಡಿ. ಪರದೆ ಒರೆಸುವ ಬಟ್ಟೆ ಮೈಕ್ರೋಫೈಬರ್ ಇರಲಿ, ಒಣಗಿದ್ದು. ಕನ್ನಡಿ ಒರೆಸುವ ಸ್ಪ್ರೇ ಮಾತ್ರ ಪರದೆಯ ಹತ್ತಿರ ತರಬೇಡಿ.