ಹನ್ನೊಂದರ ಮಗುವಿನ ಕೈಗೆ ‘ಪರ್ವ’: ಕೊಡಬಹುದೋ, ಬೇಡವೋ?

ಕಪಾಟಿನ ಕೀಲಿ:
‘ಮಕ್ಕಳು ಕೈಗೆ ಸಿಕ್ಕಿದ್ದೆಲ್ಲ ಓದಲಿ, ತಡೀಬೇಡಿ’ ಅನ್ನೋರ ಸಂಖ್ಯೆ ಜಾಸ್ತಿಯಾಗಿದೆ. ನಾನು ಒಪ್ಪಲ್ಲ. ಹನ್ನೊಂದರ ಮಗು ‘ಪರ್ವ’ ಹಿಡಿದು ಕೂತರೆ ಅಪ್ಪ ಅಮ್ಮ ಫೋಟೊ ತೆಗೆದು ಹಾಕ್ತಾರೆ. ಭೈರಪ್ಪನವರು ಮಹಾಭಾರತವನ್ನ ಮತ್ತೆ ಹೇಳಿದ 1979ರ ಆ ಕಾದಂಬರಿಯಲ್ಲಿ ಪವಾಡಕ್ಕೆ ಜಾಗವೇ ಇಲ್ಲ. ನಿಯೋಗ (ಗಂಡನ ವಂಶಕ್ಕಾಗಿ ಬೇರೆ ಗಂಡಸಿನಿಂದ ಮಗು ಪಡೆಯೋದು) ಅಂದರೆ ನಿಯೋಗವೇ, ಯುದ್ಧ ಅಂದರೆ ಹೆಣದ ನಾತವೇ. ಶುರುವಾಗೋದು ಮದ್ರದ ಮುದುಕ ಶಲ್ಯನಿಂದ, ಮೊಮ್ಮಗಳ ಕನ್ಯಾಶುಲ್ಕದ ಮಾತಿನಿಂದ. ಮಗು ಭೀಮ ಯಾವಾಗ ಬರ್ತಾನೆ ಅಂತ ಪುಟ ಹಾರಿಸುತ್ತೆ, ‘ಓದಾಯ್ತು’ ಅನ್ನುತ್ತೆ, ದೊಡ್ಡವರಾದ ಮೇಲೆ ಅದನ್ನ ಮುಟ್ಟೋದೇ ಇಲ್ಲ. ಐದು ಬೆರಳಿನ ಲೆಕ್ಕವನ್ನಾದರೂ ಹಾಕಿ: ನಡುವಿನ ಒಂದು ಪುಟ ತೆರೆದು ಓದಿಸಿ, ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಚಲಿ. ಎರಡು ಮೂರಾದರೆ ಸರಿ, ಐದೂ ಮಡಚಿದರೆ ಪುಸ್ತಕ ಮೇಲಿನ ಅಟ್ಟಕ್ಕೆ.

ಧಾರವಾಡದಾಂವ:
‘ಪುಟ ಹಾರಸ್ತದ’ ಅಂದ್ರೆಲ್ಲಾ, ಹಾರಸಲಿ ಬಿಡ್ರಿ! ತಿಳೀಲಾರದ್ದನ್ನ ದಾಟಿ ಹೋಗೂದು ಹುಡುಗ್ರಿಗೆ ತಾನಾಗೇ ಗೊತ್ತಿರ್ತದ. ನಿಯೋಗ ಅಂತ ಯಾಕ ಗಾಬರಿ ಬೀಳ್ತೀರಿ? ಅಂಬಿಕಾ, ಅಂಬಾಲಿಕಾ, ವ್ಯಾಸರ ಕಥಿ ಮೂಲ ಭಾರತದಾಗ ಇಲ್ಲೇನು? ಅದನ್ನ ಹಬ್ಬದ ದಿನ ನೀವ ಕೂತು ಹೇಳ್ತೀರಿ.

ಸೀಸದ ಕಡ್ಡಿ:
ಐದು ಬೆರಳು ಯಾವ ಪುಟಕ್ಕೆ ಸ್ವಾಮಿ? ಅದು ಇಂಗ್ಲಿಷ್ ಪ್ರೈಮರಿ ಶಾಲೆಗಳ ಲೆಕ್ಕ. 60 ಪದದ ಚಿತ್ರಪುಸ್ತಕದ ಪುಟದಲ್ಲಿ ಐದು ಅಂದರೆ ನೂರಕ್ಕೆ ಎಂಟಕ್ಕಿಂತ ಹೆಚ್ಚು. 350 ಪದದ ಪುಟದಲ್ಲಿ ಅದೇ ಐದು ನೂರಕ್ಕೆ ಒಂದೂವರೆಯೂ ಆಗಲ್ಲ. ಒಂದೇ ಗಜಕಡ್ಡಿ ಹಿಡಿದು ಎರಡಳತೆ ಮಾಡ್ತಿದ್ದೀರಿ. ಇನ್ನೊಂದು: ಮಗು ತನಗೆ ಗೊತ್ತಿಲ್ಲ ಅನ್ನೋದು ಗೊತ್ತಿದ್ದರೆ ತಾನೇ ಬೆರಳು ಮಡಚೋದು? ನಿಯೋಗದ ಮಾತಲ್ಲಿ ‘ಕ್ಷೇತ್ರ’ ಅಂದರೆ ಹೆಂಡತಿ; ಮಗು ದೇವಸ್ಥಾನದ ಊರು ಅಂದುಕೊಂಡು ನಿಯೋಗದ ಪುಟವನ್ನ ಒಂದು ಬೆರಳೂ ಮಡಚದೆ ದಾಟುತ್ತೆ.

ಕಪಾಟಿನ ಕೀಲಿ:
‘ಪ್ರೈಮರಿ ಶಾಲೆಗಳ ಲೆಕ್ಕ’ ಅಂತ ತಳ್ಳಿಹಾಕಬೇಡಿ. ಹೂ (Hu) ಮತ್ತು ನೇಷನ್ (Nation) ಅನ್ನೋ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: ಯಾರ ಸಹಾಯವೂ ಇಲ್ಲದೆ ಕಥೆ ಅರ್ಥವಾಗಬೇಕಾದರೆ ನೂರಕ್ಕೆ 98 ಪದ ಗೊತ್ತಿರಬೇಕು. 200 ಪದದ ಪುಟಕ್ಕೆ ನಾಲ್ಕು ಮಾತ್ರ ಬಿಡಬಹುದು, ಐದನೆಯದಕ್ಕೆ ಕೆಡುತ್ತೆ. ಬೆರಳಿನ ಲೆಕ್ಕ ಅಲ್ಲಿಗೇ ಬಂತಲ್ಲ?

ಸೀಸದ ಕಡ್ಡಿ:
200 ಪದದ ಪುಟವನ್ನ ನೀವೇ ಆರಿಸಿಕೊಂಡಿರಿ, ಲೆಕ್ಕ ಕೂಡಿಬರದೆ ಏನು ಮಾಡುತ್ತೆ! ಆ ಅಧ್ಯಯನ ನಡೆದದ್ದು ಇಂಗ್ಲಿಷನ್ನ ಎರಡನೇ ಭಾಷೆಯಾಗಿ ಕಲಿಯೋರ ಮೇಲೆ. ಮನೆಮಾತು ಕನ್ನಡದ ಮಗುವಿಗೆ ಅದನ್ನ ಅಂಟಿಸೋದು ಹೇಗೆ? ‘ಬಂದುಬಿಟ್ಟಿದ್ದನಂತಲ್ಲ’ ಒಂದು ಪದವೋ ನಾಲ್ಕೋ, ಮೊದಲು ಅದನ್ನ ತೀರ್ಮಾನಿಸಿ.

ಕಡಲಕರೆ:
ಪದ ಎಣಿಸುವುದರಲ್ಲೇ ಬೆಳಗಾಯ್ತು ಮಾರಾಯ್ರೆ. ‘ಸಂಸ್ಕಾರ’ ತೆಳ್ಳಗಿನ ಪುಸ್ತಕ, ಎಷ್ಟೋ ಪುಟದಲ್ಲಿ ಎರಡು ಬೆರಳೂ ಮಡಚಲಿಕ್ಕಿಲ್ಲ. ಹಾಗಂತ ಹನ್ನೊಂದರ ಮಗುವಿಗೆ ಕೊಡ್ತೀರಾ? ಹೆಣ ಮನೆಯಲ್ಲಿ ಕೊಳೆಯುತ್ತಾ ಇರ್ತದೆ, ಅಗ್ರಹಾರ ಚಿನ್ನದ ಮೇಲೆ ಕಣ್ಣಿಡ್ತದೆ, ಪ್ರಾಣೇಶಾಚಾರ್ಯರು ಚಂದ್ರಿಯ ಜೊತೆ ಕಾಡಿನಲ್ಲಿ. ಪುಸ್ತಕ ಓದಲಿಕ್ಕೆ ಎಷ್ಟು ಕಷ್ಟ ಅಂತ ಅಂಕ ಕೊಡುವ ಅಮೆರಿಕದ ಲೆಕ್ಸೈಲ್ ಅಳತೆಯಲ್ಲಿ ಜೇಡ-ಹಂದಿಮರಿಯ ಮಕ್ಕಳ ಕಥೆ ‘ಷಾರ್ಲಟ್ಸ್ ವೆಬ್’ 680, ಸ್ಟೈನ್‌ಬೆಕ್‌ನ ‘ದ ಗ್ರೇಪ್ಸ್ ಆಫ್ ರಾತ್’ ಕೂಡ 680. ಅಳತೆ ಹಿಡಿಯೋದು ವಾಕ್ಯದ ಉದ್ದ, ಪದದ ಬಳಕೆ. ಒಳಗಿನ ವಿಷಯ ಅದಕ್ಕೆ ಕಾಣೋದಿಲ್ಲ.

ಧಾರವಾಡದಾಂವ:
ಅದರ ಉಲ್ಟಾನೂ ನೋಡ್ರಿ. ‘ಕುಸುಮಬಾಲೆ’ ದೇವನೂರ ಮಹಾದೇವರದ್ದು, ಸಣ್ಣ ಪುಸ್ತಕ. ನಂಜನಗೂಡು ಕಡೆ ಮಾತು. ಧಾರವಾಡದ ಪ್ರೊಫೆಸರೂ ಮೊದಲ ಪುಟದಾಗ ಎರಡೂ ಕೈ ಬೆರಳು ಮಡಚ್ತಾರ. ಅವರಿಗೂ ಅಟ್ಟದ ಮ್ಯಾಲೆ ಇಡ್ತೀರೇನು?

ಕಪಾಟಿನ ಕೀಲಿ:
ಪ್ರೊಫೆಸರ ವಿಷಯ ಯಾರು ಕೇಳಿದರು? ಅಪವಾದ ತಂದು ನಿಯಮ ಮುರಿಯೋದು ವಾದ ಅಲ್ಲ.

ಓದೋ ಅಮ್ಮ:
ಇಲ್ಲಿ ಯಾರಾದರೂ ಕೆಲಸಕ್ಕೆ ಬರೋ ಮಾತು ಹೇಳ್ತೀರಾ? ಆರನೇ ಕ್ಲಾಸಿನ ಮಗು ‘ಕರ್ವಾಲೊ’ ಮುಗಿಸಿದೆ. ಮುಂದೆ ಏನು?

ಸೀಸದ ಕಡ್ಡಿ:
‘ಅಪವಾದ’ವಂತೆ! ಪ್ರದೇಶದ ಆಡುಮಾತಿನಲ್ಲಿ ಬರೆದ ಕಾದಂಬರಿಗಳನ್ನೆಲ್ಲ ಅಪವಾದ ಅಂದರೆ ಕನ್ನಡದಲ್ಲಿ ನಿಯಮಕ್ಕೆ ಉಳಿಯೋದು ಪಠ್ಯಪುಸ್ತಕ ಮಾತ್ರ. ಗ್ರಂಥಾಲಯ ನಡೆಸೋರ ಥರ ಮಾತಾಡ್ತೀರಿ, ಪುಸ್ತಕ ಓದಿದೋರ ಥರ ಅಲ್ಲ.

ಕಪಾಟಿನ ಕೀಲಿ:
ವೈಯಕ್ತಿಕವಾಗಿ ಇಳಿದಿರಲ್ಲ, ಸರಕು ಮುಗೀತು ಅಂತ ಗೊತ್ತಾಯ್ತು.

ಕಡಲಕರೆ:
ಓದೋ ಅಮ್ಮ, ‘ಕರ್ವಾಲೊ’ ಆದ ಮೇಲೆ ‘ಚೋಮನ ದುಡಿ’ ಅಂತ ಹಲವರು ಹೇಳ್ತಾರೆ, ಸಣ್ಣದು ಅಂತ. ಅವಸರ ಬೇಡ. ಚೋಮನ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಬಾರದೆಂದು ಜನ ಎತ್ತದೆ ನಿಲ್ತಾರಲ್ಲ, ಅದು ಮಗುವಿನ ಮನಸ್ಸಿನಿಂದ ಹೋಗೋದಿಲ್ಲ. ಶೃಂಗಾರದ ಪುಟ ಅರ್ಥವಾಗದೆ ಜಾರಿಹೋಗ್ತದೆ. ಮಗು ಸಾಯುವ ಪುಟ ಪೂರಾ ಅರ್ಥವಾಗ್ತದೆ. ಕೊಡುವುದಾದರೆ ಮೊದಲು ನೀವು ಓದಿ, ಆ ಅಧ್ಯಾಯ ಎಲ್ಲಿದೆ ನೋಡಿ ಇಟ್ಟುಕೊಳ್ಳಿ, ಅದನ್ನು ಹಗಲು ಹೊತ್ತು ಜೊತೆಗೆ ಕೂತು ಓದಿ. ರಾತ್ರಿ ಮಲಗುವ ಮುಂಚೆ ಬೇಡ. ಮುಗಿದ ಮೇಲೆ ‘ಏನು ಕಲಿತೆ’ ಅಂತ ಕೇಳಬೇಡಿ, ‘ಅವರು ಯಾಕೆ ಎತ್ತಲಿಲ್ಲ’ ಅಂತ ಮಗುವೇ ಕೇಳ್ತದೆ. ಉತ್ತರ ತಯಾರಿರಲಿ.

ಧಾರವಾಡದಾಂವ:
‘ಶೃಂಗಾರ ಜಾರಿಹೋಗ್ತದೆ.’ ನಾ ಮೊದಲ ಹೇಳಿದ್ದ ಇದ. ಅಂದ್ರ ‘ಪರ್ವ’ ಕೊಡಬಹುದು ಅಂತ ಒಪ್ಪಿದ್ರಿ.

ಕಡಲಕರೆ:
ನಾನೆಲ್ಲಿ ಒಪ್ಪಿದೆ? ‘ಪರ್ವ’ದಲ್ಲಿ ಯುದ್ಧ ಇಲ್ಲವಾ? ಅರ್ಧ ವಾಕ್ಯ ಕತ್ತರಿಸಿಕೊಂಡು ಓಡಬೇಡಿ.

ಸೀಸದ ಕಡ್ಡಿ:
ಜೊತೆಗೆ ಕೂತು ಓದೋದು ಚೆಂದವೇ, ಆದರೆ ಹನ್ನೆರಡು ದಾಟಿದ ಮಗು ಜೊತೆಗೆ ಕೂರಿಸಿಕೊಳ್ಳಲ್ಲ, ದಿಂಬಿನಡಿ ಇಟ್ಟುಕೊಂಡು ಓದುತ್ತೆ. ಅಟ್ಟಕ್ಕೆ ಹಾಕಿದ ಪುಸ್ತಕವನ್ನಂತೂ ಮೊದಲು ಓದುತ್ತೆ. ಒಂದೇ ಒಂದು ಪರೀಕ್ಷೆ ಕೆಲಸ ಮಾಡುತ್ತೆ: ಓದಿದ ಅಧ್ಯಾಯವನ್ನ ಮಗು ತನ್ನ ಮಾತಲ್ಲಿ ನಾಲ್ಕು ವಾಕ್ಯ ಹೇಳಲಿ. ‘ಆಮೇಲೆ, ಆಮೇಲೆ’ ಅಂತ ಘಟನೆ ಮಾತ್ರ ಬಂದರೆ ಪುಸ್ತಕ ಇನ್ನೂ ದೊಡ್ಡದು. ‘ಯಾಕಂದ್ರೆ’ ಬಂದರೆ ಬಿಟ್ಟುಬಿಡಿ, ಓದಲಿ.

ಕಪಾಟಿನ ಕೀಲಿ:
‘ಒಂದೇ ಒಂದು ಪರೀಕ್ಷೆ’! ನನ್ನ ಬೆರಳು ಬೇಡ, ನಿಮ್ಮ ‘ಯಾಕಂದ್ರೆ’ ಎಣಿಸಬಹುದು. ನಾಲ್ಕು ವಾಕ್ಯವೇ ಯಾಕೆ, ಅದಕ್ಕೆ ಯಾವ ಅಧ್ಯಯನ ಇದೆ?

ಸೀಸದ ಕಡ್ಡಿ:
ಐದು ಬೆರಳಿಗೆ ಎಷ್ಟಿದೆಯೋ ಅಷ್ಟೇ.

ಓದೋ ಅಮ್ಮ:
ಕಡಲಕರೆ, ಅಧ್ಯಾಯ ನೋಡಿ ಇಟ್ಕೋತೀನಿ. ಉಳಿದೋರು ಮುಂದುವರಿಸಿ.

ಕಪಾಟಿನ ಕೀಲಿ:
ಮುಂದುವರಿಸ್ತೀವಿ. ಸೀಸದ ಕಡ್ಡಿಯವರೇ, ಆ 350 ಪದದ ಪುಟದ ಅಳತೆ ಡೆಮಿ 1/8ರದ್ದೋ ಕ್ರೌನ್ 1/8ರದ್ದೋ, ಅದನ್ನ ಹೇಳಿ ಮೊದಲು.