ಬೇಸಿಗೆ ಶಿಬಿರಕ್ಕೆ ಹೋದ ಮಗುವಿಗೆ ಪತ್ರ: ಯಾವಾಗ ಹಾಕಬೇಕು, ಏನು ಬರೆಯಬೇಕು?

ಪ್ರಶ್ನೆ (ಶಿವಮೊಗ್ಗದಿಂದ):
ಎಂಟು ವರ್ಷದ ಮಗಳು ತೀರ್ಥಹಳ್ಳಿ ಕಡೆ 10 ದಿನದ ಶಿಬಿರಕ್ಕೆ ಹೊರಟಿದ್ದಾಳೆ. ಫೋನ್ ಇಲ್ಲ, ಪತ್ರ ಬರೆಯಬಹುದಂತೆ. ಸಮಯಕ್ಕೆ ಸರಿಯಾಗಿ ಕೈಸೇರೋದು ಹೇಗೆ?

ಉತ್ತರ 1:
ಮೊದಲ ಪತ್ರ ಅವಳು ಹೊರಡೋಕೆ ಎರಡು ದಿನ ಮುಂಚೆಯೇ ಡಬ್ಬಿಗೆ ಬೀಳಲಿ. ಹಳ್ಳಿಯ ಟಪಾಲು ಪೇಟೆಯ ಕಚೇರಿ ದಾಟಿ ಹೋಗಬೇಕು, ನಡುವೆ ಭಾನುವಾರ ಬಂದರೆ ಒಂದು ದಿನ ಹೋಯ್ತು. ಆರನೇ ದಿನದ ನಂತರ ಹಾಕಬೇಡಿ.

ಎಡವಟ್ಟಾಗೋದು ಹೆಚ್ಚಾಗಿ ವಿಳಾಸದಲ್ಲಿ. ಮಲೆನಾಡಲ್ಲಿ ಊರೊಂದು, ಅಂಚೆ ಇನ್ನೊಂದು. ಮಗುವಿನ ಹೆಸರು, ಶಿಬಿರದ ಹೆಸರು, ಊರು, ಆಮೇಲೆ ‘ಅಂಚೆ:’ ಅಂತ ಬೇರೆ ಸಾಲು, ತಾಲ್ಲೂಕು, ಪಿನ್‌. ತೀರ್ಥಹಳ್ಳಿ ಪೇಟೆಯ ಪಿನ್‌ 577432, ಅದೇ ತಾಲ್ಲೂಕಿನ ಆಗುಂಬೆಯದು 577411. ಅಂದಾಜಿನ ಮೇಲೆ ಬರೆಯದೆ ಶಿಬಿರದವರನ್ನೇ ಕೇಳಿ.

ಇನ್‌ಲ್ಯಾಂಡ್ ಪತ್ರ, ಅಂದರೆ ಬರೆದು ಮಡಚಿ ಅಂಟಿಸೋ ಅಂಚೆ ಹಾಳೆ, ಅದರೊಳಗೆ ಏನೂ ಇಡುವಂತಿಲ್ಲ. ಚಿತ್ರ, ಸ್ಟಿಕ್ಕರ್ ಇದ್ದರೆ ಲಕೋಟೆ ತಗೊಳ್ಳಿ. 20 ಗ್ರಾಂ ದಾಟಿಸಬೇಡಿ. ಎ4 ಹಾಳೆ ಒಂದಕ್ಕೆ ಸುಮಾರು 5 ಗ್ರಾಂ. ಅಂಚೆಚೀಟಿ ಕಡಿಮೆ ಬಿದ್ದರೆ, ಕಡಿಮೆ ಬಿದ್ದಷ್ಟು ಮೊತ್ತದ ಎರಡರಷ್ಟು ದಂಡ ಪತ್ರ ತಗೊಳ್ಳುವವರ ಮೇಲೆ ಬೀಳುತ್ತೆ.

ಉತ್ತರ 2:
ಬರೆಯೋ ವಿಷಯಕ್ಕೆ ಬರೋಣ. ‘ನೀನಿಲ್ಲದೆ ಮನೆ ಬಿಕೋ ಅಂತಿದೆ’ ಖಂಡಿತ ಬೇಡ, ಮಗು ತನ್ನಿಂದಲೇ ಮನೆಯವರಿಗೆ ಬೇಜಾರು ಅಂದುಕೊಳ್ಳುತ್ತೆ. ‘ಬೇಡ ಅನ್ನಿಸಿದ್ರೆ ಬಂದು ಕರ್ಕೊಂಡು ಬರ್ತೀವಿ’ ಅನ್ನೋದು ಇನ್ನೂ ಕೆಟ್ಟದ್ದು. ಆಮೇಲೆ ಅವಳು ದಿನ ಎಣಿಸೋಕೆ ಶುರುಮಾಡ್ತಾಳೆ. ಮನೆಯ ಸಣ್ಣ ಸುದ್ದಿ ಸಾಕು: ‘ಅಂಗಳದ ಚಾಪೆ ಮೇಲೆ ಹಲಸಿನ ಹಪ್ಪಳ ಹರವಿದ್ವಿ. ಮೂರು ಗಂಟೆಗೆ ಮಳೆ ಹನಿ ಬಿತ್ತು, ಅಜ್ಜಿ ಚಾಪೆ ಸಮೇತ ಒಳಗೆ ಎಳೆದರು.’ ಕೊನೆಗೆ ಒಂದೇ ಪ್ರಶ್ನೆ. ‘ಹೇಗಿದ್ದೀಯ?’ ಅಂದರೆ ‘ಚೆನ್ನಾಗಿದ್ದೀನಿ’ ಅಷ್ಟೇ ಬರುತ್ತೆ. ‘ನಿನ್ನ ಪಕ್ಕ ಯಾರು ಮಲಗ್ತಾರೆ?’ ಅಂತ ಕೇಳಿ ನೋಡಿ.

ಒತ್ತಕ್ಷರ ಇನ್ನೂ ತಡವರಿಸಿ ಓದುವ ಮಗುವಾದರೆ ಅಕ್ಷರ ದಪ್ಪ, ಸಾಲಿನ ನಡುವೆ ಜಾಗ. ಎಂಟು ಸಾಲು ಸಾಕು.

ಉತ್ತರ 3:
ಬಾಲ್‌ಪೆನ್ನಲ್ಲೇ ಬರೆಯಿರಿ. ಏಪ್ರಿಲ್-ಮೇ ಸಂಜೆ ಮಳೆಗೆ ಶಾಯಿ ಪೆನ್ನಿನ ವಿಳಾಸ ಕದಡಿಹೋಗುತ್ತೆ. ಅವಳ ಚೀಲದಲ್ಲಿ ನಿಮ್ಮ ವಿಳಾಸ ಬರೆದ ನಾಲ್ಕು ಪೋಸ್ಟ್‌ಕಾರ್ಡ್ ಇಡಿ. ಖಾಲಿ ಕಾರ್ಡ್ ಕೊಟ್ಟರೆ ವಾಪಸ್ ಬರೋದು ಖಾಲಿಯಾಗೇ. ಪತ್ರವನ್ನು ಮಧ್ಯಾಹ್ನದ ಊಟದ ನಂತರ ಕೊಡಿ ಅಂತ ಶಿಬಿರದವರಿಗೆ ಹೇಳಿ. ಮಲಗೋ ಹೊತ್ತಿಗೆ ಕೊಟ್ಟರೆ ಅಳು ಗ್ಯಾರಂಟಿ.

ಪ್ರಶ್ನೆ ಕೇಳಿದವರು:
ಜೊತೆಗೆ ಚಕ್ಕುಲಿ ಕಳಿಸಬಹುದಾ?

ಉತ್ತರ 1:
ಬೇಡ. ಟಪಾಲಿನಲ್ಲಿ ಪುಡಿಯಾಗುತ್ತೆ, ಉಳಿದಿದ್ದಕ್ಕೆ ಇರುವೆ ಮುತ್ತುತ್ತೆ.